ಹಳೆಯ ಮುಖ, ಇಂದಿನ ದನಿ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ನನ್ನನ್ನು ಕಾಣಲು ಬಂದಿದ್ದ. ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ, ಸಂಜೆ ವಾದ್ಯಗೋಷ್ಠಿಯೊಂದಿಗೆ ಆರತಕ್ಷತೆಗಳಲ್ಲಿಯೂ ಹಬ್ಬಗಳಲ್ಲಿಯೂ ಹಳೆಯ ಚಿತ್ರಗೀತೆಗಳನ್ನು ಹಾಡುವ ಹುಡುಗ. ಅವನ ತಂದೆಯೂ ಹಾಡುಗಾರರಾಗಿದ್ದರು. ಅವರು ತೀರಿಕೊಂಡು ಒಂದು ವರ್ಷವಾಗುತ್ತಾ ಬಂದಿತ್ತು. ಅವರ ನೆನಪಿಗಾಗಿ ಊರಿನ ಸಭಾಭವನದಲ್ಲಿ ಒಂದು ಸಂಜೆಯ ಗಾಯನವನ್ನು ಏರ್ಪಡಿಸಬೇಕೆಂಬುದು ಅವನ ಹಂಬಲ.

ಅವನು ಜೇಬಿನಿಂದ ಒಂದು ಕಪ್ಪು-ಬಿಳುಪು ಚಿತ್ರವನ್ನು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಅವನ ತಂದೆ, ಇಪ್ಪತ್ತೈದರ ತರುಣ, ಬಿಳಿಯ ಅಂಗಿ ತೊಟ್ಟು ಒಂದು ಮೈಕಿನ ಮುಂದೆ ನಿಂತು ಹಾಡುತ್ತಿದ್ದರು. ಆ ಮೈಕನ್ನು ನೀವೂ ಹಳೆಯ ಚಿತ್ರಗಳಲ್ಲಿ ಕಂಡಿರುತ್ತೀರಿ. ಮುಷ್ಟಿಗಿಂತ ದೊಡ್ಡದು, ಬೆಳ್ಳಿಯ ಹೊಳಪು, ಮೇಲಿನಿಂದ ಕೆಳಕ್ಕೆ ಇಳಿಯುವ ಲೋಹದ ಪಟ್ಟಿಗಳು, ಆ ಪಟ್ಟಿಗಳ ಹಿಂದೆ ಬಟ್ಟೆಯ ತೆರೆ.

"ಫಾದರ್, ಇಂಥ ಮೈಕು ಈಗಲೂ ಸಿಗುತ್ತೆ. ನೋಡೋಕೆ ಹಳೇದು, ಒಳಗೆಲ್ಲ ಹೊಸದು. ಅಪ್ಪ ನಿಂತ ಹಾಗೇ ನಿಂತು ಹಾಡಬೇಕು ಅಂತ ಆಸೆ. ವರ್ಷದಿಂದ ದುಡ್ಡು ಕೂಡಿಟ್ಟಿದ್ದೀನಿ. ಆದರೆ ನಮ್ಮ ಗೋಷ್ಠಿಯವರು ನಗ್ತಾರೆ. ಅದು ಬರೀ ಶೋಕಿ, ವೇಷ ಅಂತಾರೆ. ನಿಜವಾಗ್ಲೂ ಅದು ವೇಷಾನಾ, ಫಾದರ್?"

ನಾನು ಒಡನೆಯೇ ಉತ್ತರ ಕೊಡಲಿಲ್ಲ. ಅವನು ಕೇಳಿದ್ದು ಮೈಕಿನ ವಿಷಯವಾದರೂ ಪ್ರಶ್ನೆ ಮೈಕಿಗಿಂತ ದೊಡ್ಡದಾಗಿತ್ತು. ನಮ್ಮ ಮನೆಗಳನ್ನೇ ನೋಡಿರಿ. ಲೋಲಕವಿರುವ ಹಳೆಯ ಗಡಿಯಾರದಂತೆ ಕಾಣುವುದು ಬ್ಯಾಟರಿಯಿಂದ ನಡೆಯುತ್ತದೆ. ಮೇಣದ ಬತ್ತಿಯಂತೆ ಮಿನುಗುವುದು ವಿದ್ಯುದ್ದೀಪ. ಹೊಸ ವಸ್ತುವಿಗೆ ಹಳೆಯ ರೂಪವನ್ನು ತೊಡಿಸುವುದು ಸುಳ್ಳೇ? ಸುಳ್ಳಲ್ಲವಾದರೆ, ಅದು ಸುಳ್ಳಾಗುವುದು ಯಾವ ಹಂತದಲ್ಲಿ? ಈ ಪ್ರಶ್ನೆಯನ್ನು ಆ ಹುಡುಗನ ಮೈಕನ್ನೇ ಮುಂದಿಟ್ಟುಕೊಂಡು ನಿಮ್ಮೊಡನೆ ವಿಚಾರಮಾಡಬೇಕೆನಿಸಿದೆ.

ಆ ಮುಖ ಹುಟ್ಟಿದ ಬಗೆ

ಮೊದಲು ಆ ಮೈಕಿನ ಚರಿತ್ರೆಯನ್ನು ತಿಳಿಯೋಣ. ಅಮೆರಿಕದ ಷಿಕಾಗೋ ನಗರದ ಶೂರ್ ಎಂಬ ಕಂಪನಿಯು 1939ರಲ್ಲಿ 'ಯೂನಿಡೈನ್ 55' ಎಂಬ ಮೈಕನ್ನು ಹೊರತಂದಿತು. ಅದನ್ನು ರೂಪಿಸಿದವರು ಬೆಂಜಮಿನ್ ಬಾವರ್ ಎಂಬ ಯುವ ಎಂಜಿನಿಯರ್. ಆ ಲೋಹದ ಪಟ್ಟಿಗಳು ಅಂದಿನ ಮೋಟಾರು ಕಾರುಗಳ ಮುಂಭಾಗದ ಜಾಲರಿಯನ್ನು ನೆನಪಿಗೆ ತರುತ್ತವೆ. ಆದರೆ ಅದರ ಹಿರಿಮೆ ಇದ್ದದ್ದು ಹೊರಗಿನ ಹೊಳಪಿನಲ್ಲಲ್ಲ, ಒಳಗಿನ ಕೆಲಸದಲ್ಲಿ.

ವೇದಿಕೆಯ ಮೇಲಿನ ಮೈಕಿಗೆ ಒಂದು ದೊಡ್ಡ ಶತ್ರುವಿದೆ. ಗಾಯಕನ ದನಿಯು ಮೈಕನ್ನು ಹೊಕ್ಕು ಸ್ಪೀಕರಿನಿಂದ ಹೊರಬರುತ್ತದೆ. ಹೊರಬಂದ ದನಿಯು ಮರಳಿ ಮೈಕನ್ನೇ ಹೊಗುತ್ತದೆ. ಮತ್ತೆ ಸ್ಪೀಕರಿಗೆ ಹೋಗಿ ಇನ್ನಷ್ಟು ಬಲವಾಗಿ ಬರುತ್ತದೆ. ಹೀಗೆ ಸುತ್ತಿ ಸುತ್ತಿ ಕೊನೆಗೆ ಕಿವಿ ಸೀಳುವ ಶಿಳ್ಳೆಯಾಗುತ್ತದೆ. ನಮ್ಮ ಊರ ಸಮಾರಂಭಗಳಲ್ಲಿ ಆ ಶಿಳ್ಳೆಯನ್ನು ಕೇಳದವರು ಯಾರು? ಇದಕ್ಕೆ ಪರಿಹಾರವೆಂದರೆ ಮುಂದಿರುವವನ ದನಿಯನ್ನು ಕೇಳಿ, ಹಿಂದಿನಿಂದ ಬರುವ ಸದ್ದನ್ನು ಬಿಟ್ಟುಬಿಡುವ ಮೈಕು. ಅದುವರೆಗೆ ಹಾಗೆ ಮಾಡಲು ಎರಡು ಬಗೆಯ ಘಟಕಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಬೇಕಾಗಿತ್ತು. ಬಾವರ್ ಅದನ್ನು ಒಂದೇ ಘಟಕದಿಂದ ಸಾಧಿಸಿದರು.

ಅದು ಹೇಗೆಂದರೆ, ಡೈನಾಮಿಕ್ ಮೈಕಿನಲ್ಲಿ ದನಿಯು ತೆಳುವಾದ ಪೊರೆಯೊಂದನ್ನು ನಡುಗಿಸುತ್ತದೆ. ಪೊರೆಗೆ ಅಂಟಿದ ತಂತಿಯ ಸುರುಳಿಯು ಕಾಂತದ ನಡುವೆ ಅಲುಗಿದಾಗ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಈ ಹೊಸ ಮೈಕಿನಲ್ಲಿ ಹಿಂದಿನಿಂದ ಬರುವ ಸದ್ದಿಗೆ ಎರಡು ದಾರಿಗಳು. ಒಂದು ಪಾಲು ಮೈಕನ್ನು ಬಳಸಿಕೊಂಡು ಹೋಗಿ ಪೊರೆಯ ಮುಂಭಾಗವನ್ನು ತಟ್ಟುತ್ತದೆ. ಇನ್ನೊಂದು ಪಾಲು ಹಿಂದಿನ ಕಿಂಡಿಯಿಂದ ಒಳಹೊಕ್ಕು, ಅಲ್ಲಿಟ್ಟ ತಡೆಯಲ್ಲಿ ತುಸು ತಡವಾಗಿ, ಪೊರೆಯ ಹಿಂಭಾಗವನ್ನು ತಟ್ಟುತ್ತದೆ. ಎರಡೂ ಒಂದೇ ಗಳಿಗೆಯಲ್ಲಿ ಎರಡು ಬದಿಯಿಂದ ಒತ್ತುವುದರಿಂದ ಪೊರೆ ಅಲುಗದು. ಮುಂದಿನಿಂದ ಬರುವ ದನಿಗೆ ಮಾತ್ರ ಈ ತಡೆಯ ತೊಂದರೆಯಿಲ್ಲ. ಹೀಗೆ ಆ ಮೈಕು ಯಾವ ದಿಕ್ಕಿನಿಂದ ಎಷ್ಟು ಕೇಳುತ್ತದೆಂಬುದನ್ನು ಕಾಗದದ ಮೇಲೆ ಬರೆದರೆ ಹೃದಯದ ಆಕಾರ ಮೂಡುತ್ತದೆ. ಆದುದರಿಂದಲೇ ಹೃದಯವೆಂಬರ್ಥದ ಗ್ರೀಕ್ ಪದದಿಂದ ಅದಕ್ಕೆ 'ಕಾರ್ಡಿಯಾಯ್ಡ್' ಎಂದು ಹೆಸರು.

1951ರಲ್ಲಿ ಅದೇ ಮೈಕಿನ ಚಿಕ್ಕ ರೂಪ ಬಂದಿತು. ಎಲ್ವಿಸ್ ಪ್ರೀಸ್ಲಿಯಂಥ ಗಾಯಕರ ಚಿತ್ರಗಳಿಂದಾಗಿ ಜಗತ್ತು ಅದನ್ನು 'ಎಲ್ವಿಸ್ ಮೈಕು' ಎಂದೇ ಕರೆಯಿತು. 1993ರಲ್ಲಿ ಅಮೆರಿಕದ ಅಂಚೆಯವರು ಎಲ್ವಿಸನ ಅಂಚೆಚೀಟಿಯನ್ನು ಹೊರತಂದಾಗ ಅದರಲ್ಲಿಯೂ ಪಟ್ಟಿಗಳ ಮೈಕೇ ಇತ್ತು. ಅಷ್ಟು ಹೊತ್ತಿಗೆ ವೇದಿಕೆಗಳಲ್ಲಿ ಬೇರೊಂದು ಮೈಕು ನೆಲೆಯೂರಿತ್ತು. 1966ರಲ್ಲಿ ಅದೇ ಕಂಪನಿ ಹೊರತಂದ 'ಎಸ್‌ಎಂ 58', ಅಂದರೆ ತುದಿಯಲ್ಲಿ ಉಕ್ಕಿನ ಜಾಲರಿಯ ಗುಂಡು ಇರುವ, ಕೈಯಲ್ಲಿ ಹಿಡಿದು ಹಾಡುವ ಸಾದಾ ಮೈಕು. ಇಂದು ಮೈಕ್‌ಸೆಟ್ಟಿನವರು ನಮಗೆ ಕೊಡುವುದು ಬಹುಮಟ್ಟಿಗೆ ಅದನ್ನೋ ಅದರ ಹೋಲಿಕೆಯದನ್ನೋ.

ಅಂದಿನ ಹೊಸತು, ಇಂದಿನ ಹಳತು

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿರಿ. ಇಂದು ನಾವು ಹಳೆಯ ಕಾಲದ ನಿಜವಾದ ಗಾಯನದ ಗುರುತೆಂದು ಪ್ರೀತಿಸುವ ಮೈಕು ಒಂದು ಕಾಲದಲ್ಲಿ ಸುಳ್ಳಿನ ಸಾಧನವೆಂದು ನಿಂದೆಗೊಳಗಾಗಿತ್ತು.

ಮೈಕು ಬರುವ ಮೊದಲು ಗಾಯಕನಾದವನು ಎದೆಯ ಬಲದಿಂದಲೇ ಕೊನೆಯ ಸಾಲಿಗೆ ದನಿಯನ್ನು ಮುಟ್ಟಿಸಬೇಕಾಗಿತ್ತು. ಸಾವಿರ ಜನರ ಮುಂದೆ ಪಿಸುಮಾತಿನಂತೆ ಹಾಡುವುದು ಯಾರಿಂದಲೂ ಆಗದ ಮಾತಾಗಿತ್ತು. ಸಾವಿರದ ಒಂಬೈನೂರ ಇಪ್ಪತ್ತರ ದಶಕದಲ್ಲಿ ರೇಡಿಯೋ ಮತ್ತು ಮೈಕುಗಳಿಂದಾಗಿ ಅಮೆರಿಕದಲ್ಲಿ ರೂಡಿ ವ್ಯಾಲಿ, ಬಿಂಗ್ ಕ್ರಾಸ್ಬಿ ಮೊದಲಾದವರು ಕಿವಿಯ ಬಳಿ ನಿಂತು ಹಾಡುವವರಂತೆ ಮೆಲುದನಿಯಲ್ಲಿ ಹಾಡತೊಡಗಿದರು. ಇದು ಗಾಯನವೇ ಅಲ್ಲ, ಯಂತ್ರದ ಮೋಸ, ಪೌರುಷವಿಲ್ಲದ ನರಳಿಕೆ ಎಂದು ಹಲವರು ಜರೆದರು. 1932ರಲ್ಲಿ ಬಾಸ್ಟನ್‌ನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ವಿಲಿಯಂ ಓಕಾನೆಲ್ ಅವರೇ ಈ ಬಗೆಯ ಹಾಡುಗಾರಿಕೆಯನ್ನು ಬಹಿರಂಗವಾಗಿ ಖಂಡಿಸಿದರು.

ಆ ಹಿರಿಯರ ಕಾಳಜಿ ಪೂರ್ತಿ ಹುಸಿಯೆಂದು ನಾನು ಹೇಳಲಾರೆ. ಯಂತ್ರವು ಇಲ್ಲದ ಆಪ್ತತೆಯನ್ನು ಇದೆಯೆಂದು ತೋರಿಸಬಲ್ಲದು. ಸಾವಿರಾರು ಮಂದಿಗೆ ಒಟ್ಟಿಗೆ ಕೇಳಿಸುವ ದನಿಯು 'ನಿನಗೊಬ್ಬನಿಗೇ' ಎಂದು ಉಸುರುವಾಗ ಅದರಲ್ಲಿ ಅಪಾಯವಿದೆ. ಆದರೆ ಮಗುವನ್ನು ತೂಗುವ ತಾಯಿಯ ಮೆಲುದನಿಯೂ ನಿಜವಾದ ದನಿಯೇ ಅಲ್ಲವೇ? ಅದನ್ನು ಸಭೆಯ ಮುಂದೆ ತರಲು ಮೈಕು ನೆರವಾಯಿತು. ಕೂಗಬಲ್ಲವರಿಗೆ ಮಾತ್ರ ಮೀಸಲಾಗಿದ್ದ ವೇದಿಕೆಯನ್ನು ದುರ್ಬಲ ಕಂಠದವರೂ ಏರಿದರು. ಆದುದರಿಂದ 'ಹಳೆಯದೆಲ್ಲ ಸಾಚಾ, ಹೊಸದೆಲ್ಲ ನಕಲಿ' ಎಂಬ ಮಾತು ನಿಲ್ಲುವುದಿಲ್ಲ. ಸಾಚಾತನವನ್ನು ವಸ್ತುವಿನ ವಯಸ್ಸಿನಲ್ಲಿ ಹುಡುಕಿ ಪ್ರಯೋಜನವಿಲ್ಲ.

ವೇಷವೆಲ್ಲ ವಂಚನೆಯೇ?

ಹಾಗಾದರೆ ಎಲ್ಲಿ ಹುಡುಕಬೇಕು? ಸಂತ ಅಗಸ್ಟೀನರು ದೀಕ್ಷಾಸ್ನಾನಕ್ಕೆ ಮುಂಚೆ ಬರೆದ 'ಆತ್ಮಸಂಭಾಷಣೆ' ಎಂಬ ಕೃತಿಯಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ. ರೋಸಿಯಸ್ ಎಂಬ ಪ್ರಸಿದ್ಧ ರೋಮನ್ ನಟನು ರಂಗದ ಮೇಲೆ ಟ್ರಾಯ್ ನಗರದ ರಾಣಿ ಹೆಕ್ಯೂಬಾಳ ಪಾತ್ರವನ್ನು ಧರಿಸುತ್ತಿದ್ದ. ಅವನು ಸುಳ್ಳು ಹೆಕ್ಯೂಬಾ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಸುಳ್ಳು ಹೆಕ್ಯೂಬಾ ಆಗಲು ಒಪ್ಪದಿದ್ದರೆ ಅವನು ನಿಜವಾದ ನಟನಾಗುವುದು ಹೇಗೆ? ಒಂದರಲ್ಲಿ ಸುಳ್ಳಾಗಿರುವುದರಿಂದಲೇ ಅವನು ಇನ್ನೊಂದರಲ್ಲಿ ನಿಜ. ವಂಚಿಸಬೇಕೆಂಬ ಬಯಕೆ ಬೇರೆ, ಅಭಿನಯಿಸುವ ಬಯಕೆ ಬೇರೆ ಎಂದು ಅಗಸ್ಟೀನರು ಬಿಡಿಸಿ ತೋರಿಸುತ್ತಾರೆ. ನಾಟಕ ನೋಡುವವನಿಗೆ ಅದು ನಾಟಕವೆಂದು ಗೊತ್ತು. ಅಲ್ಲಿ ಯಾರೂ ಮೋಸಹೋಗುವುದಿಲ್ಲ.

ಈ ಅಳತೆಗೋಲನ್ನು ಹಿಡಿದು ಮಾರುಕಟ್ಟೆಗೆ ಹೋಗೋಣ. ಹಳೆಯ ಮುಖದ ಮೈಕುಗಳು ಅಲ್ಲಿ ನಾಲ್ಕು ಬಗೆ.

ಮೊದಲನೆಯದು, ನಿಜವಾಗಿಯೂ ಹಳೆಯದು. ಅರವತ್ತು-ಎಪ್ಪತ್ತು ವರ್ಷ ಹಿಂದೆ ಮಾಡಿದ್ದು. ಅದು ಗೌರವಕ್ಕೆ ಪಾತ್ರವಾದ ವಸ್ತು. ಆದರೆ ಒಳಗಿನ ರಬ್ಬರು ಗಟ್ಟಿಯಾಗಿ ಬಿರಿದಿರಬಹುದು, ಪೊರೆ ಸೋತಿರಬಹುದು. ಕೆಲವದರ ಜೋಡಣೆಯು ಇಂದಿನ ಮೂರು ಕಡ್ಡಿಯ ಕೇಬಲ್ಲಿಗೆ ಹೊಂದುವುದಿಲ್ಲ. ಸಾಚಾ ಎಂಬ ಒಂದೇ ಕಾರಣಕ್ಕೆ ಅದನ್ನು ವೇದಿಕೆಗೆ ತಂದರೆ ಸಭೆಗೆ ದೊರೆಯುವುದು ಕರಕರ ಸದ್ದು ಮಾತ್ರ. ಎರಡನೆಯದು, ಹಳೆಯ ಕವಚದೊಳಗೆ ಇಂದಿನ ಘಟಕವನ್ನು ಕೂರಿಸಿದ್ದು. ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಥೀಸಿಯಸ್ಸನ ಹಡಗಿನ ಕಥೆಯನ್ನು ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಚರ್ಚಿಸಿದ್ದೆವು. ಅದು ಇಲ್ಲಿ ನೆನಪಾಗುತ್ತದೆ. ಮಾರುವವನು ಏನನ್ನು ಬದಲಿಸಿದ್ದೇನೆಂದು ತಿಳಿಸಿದರೆ ಅದರಲ್ಲಿ ದೋಷವಿಲ್ಲ.

ಮೂರನೆಯದು, ಹಳೆಯ ರೂಪದಲ್ಲಿ ಹೊಸದಾಗಿ ತಯಾರಾದದ್ದು. ಶೂರ್ ಕಂಪನಿಯದೇ '55 ಎಸ್‌ಎಚ್ ಸೀರೀಸ್ 2' ಅಂಥದು. 2009ರಲ್ಲಿ ಬಂದ, ಪಟ್ಟಿಗಳ ಹಿಂದೆ ನೀಲಿಯ ಸ್ಪಂಜು ಕಾಣುವ 'ಸೂಪರ್ 55' ಇನ್ನೊಂದು. ಇವು 'ನಾನು ಎಲ್ವಿಸನ ಕಾಲದ್ದು' ಎಂದು ಹೇಳಿಕೊಳ್ಳುವುದಿಲ್ಲ. ಹಳೆಯದರ ನೆನಪನ್ನು ತೊಟ್ಟ ಹೊಸದು ಎಂಬುದು ಬಹಿರಂಗ. ಇವು ರೋಸಿಯಸ್ಸನ ಜಾತಿಗೆ ಸೇರಿದವು. ನಾಲ್ಕನೆಯದು ಮಾತ್ರ ಬೇರೆ. ಕಂಪನಿಯ ಹೆಸರನ್ನೇ ಕದ್ದು ಅಚ್ಚೊತ್ತಿದ ಕಳ್ಳಮಾಲು. ಎಸ್‌ಎಂ 58ರ ಇಂಥ ನಕಲಿಗಳು ಜಗತ್ತಿನೆಲ್ಲೆಡೆ ಕುಖ್ಯಾತ. ಮೇಲೆ ತಳುಕು, ಒಳಗೆ ಹುಳುಕು ಎಂಬ ಗಾದೆ ಇದಕ್ಕೇ ಸಲ್ಲುತ್ತದೆ. ಮೂರನೆಯದೂ ನಾಲ್ಕನೆಯದೂ ಹೊರಗಿನಿಂದ ಒಂದೇ ತೆರನಾಗಿ ಕಾಣಬಹುದು. ಆದರೆ ಮೊದಲನೆಯದು ಅನುಕರಣೆ, ಎರಡನೆಯದು ವಂಚನೆ. ಕೊಳ್ಳುವವನನ್ನು ಮೋಸಗೊಳಿಸುವ ಸಂಕಲ್ಪವೇ ಇವೆರಡರ ನಡುವಿನ ಗೆರೆ.

ನಮ್ಮ ಹುಡುಗನಿಗೆ ನಾನು ಇಷ್ಟನ್ನು ಹೇಳಿದಾಗ ಅವನ ಮುಖ ಅರಳಿತು. ಆದರೆ ಅವನ ಜೇಬಿನಲ್ಲಿ ಇನ್ನೂ ಒಂದು ಪ್ರಶ್ನೆಯಿತ್ತು. ತುಸು ತಡೆದು ಹೇಳಿದ: "ಫಾದರ್, ನಿರೂಪಣೆ ಮಾಡೋ ಗೆಳೆಯ ಒಂದು ಮಾತು ಹೇಳ್ದ. 'ಇದು ಇವರ ತಂದೆ ಹಾಡಿದ ಅದೇ ಮೈಕು' ಅಂತ ಅನೌನ್ಸ್ ಮಾಡೋಣ, ಜನ ಕಣ್ಣೀರು ಹಾಕ್ತಾರೆ ಅಂದ. ಯಾರಿಗೂ ನಷ್ಟ ಇಲ್ವಲ್ಲ, ಫಾದರ್?"

ನೋಡಿರಿ, ವಸ್ತುವಿನಲ್ಲಿ ಇಲ್ಲದ ಸುಳ್ಳು ಬಾಯಿಯ ಮೂಲಕ ಹೇಗೆ ಒಳಬರುತ್ತದೆ! ಆ ಮೈಕು ಯಾರಿಗೂ ಸುಳ್ಳು ಹೇಳಿರಲಿಲ್ಲ. ಆ ಒಂದು ಪ್ರಕಟಣೆಯಿಂದ ಅದು ಕಳ್ಳಸಾಕ್ಷಿಯಾಗುತ್ತಿತ್ತು. ಯಾರಿಗೂ ನಷ್ಟವಿಲ್ಲವೆಂಬುದೂ ನಿಜವಲ್ಲ. ಮುಂದಿನ ಸಾಲಿನಲ್ಲಿ ಅವನ ತಾಯಿ ಕುಳಿತಿರುತ್ತಾರೆ. ತನ್ನ ಗಂಡನಿಗೆ ಸ್ವಂತ ಮೈಕು ಇರಲಿಲ್ಲವೆಂಬುದು ಆ ತಾಯಿಗೆ ಗೊತ್ತು. ಊರೆಲ್ಲ ಕಣ್ಣೀರಿಡುವಾಗ, ಮಗನು ತಂದೆಯ ಹೆಸರಿನಲ್ಲಿ ಸುಳ್ಳಾಡಿದನೆಂಬುದನ್ನು ಬಲ್ಲವರು ಆಕೆಯೊಬ್ಬರೇ ಆಗಿರುತ್ತಾರೆ. "ಆ ಮಾತನ್ನು ನಿನ್ನ ತಾಯಿಯ ಮುಖ ನೋಡಿಕೊಂಡು ಹೇಳಬಲ್ಲೆಯಾ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ.

ನನ್ನದೊಂದು ತಪ್ಪು

ಅವನಿಗೆ ಬುದ್ಧಿ ಹೇಳುವ ಅಧಿಕಾರ ನನಗೆ ಸುಲಭವಾಗಿ ಬಂದುದಲ್ಲ. ಕೆಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಇನ್ನೊಂದು ಧರ್ಮಕೇಂದ್ರದಲ್ಲಿ ಸುವರ್ಣ ಮಹೋತ್ಸವ ನಡೆಯಿತು. ವೇದಿಕೆ ಚೆಂದವಾಗಿ ಕಾಣಲೆಂದು ನಾನೇ ಹಟಹಿಡಿದು ಹಳೆಯ ಮಾದರಿಯ ಹೊಳೆಯುವ ಮೈಕೊಂದನ್ನು ತರಿಸಿದೆ. ಅದನ್ನು ಸಭೆಗೆ ಮುಂಚೆ ಒಮ್ಮೆಯೂ ಪರೀಕ್ಷಿಸಿ ನೋಡಲಿಲ್ಲ. ಚಿತ್ರ ಹೇಗೆ ಬರುತ್ತದೆಂಬುದಷ್ಟೇ ನನ್ನ ಚಿಂತೆಯಾಗಿತ್ತು.

ನಲವತ್ತು ವರ್ಷ ಮಕ್ಕಳಿಗೆ ಧರ್ಮೋಪದೇಶ ಕಲಿಸಿದ ಹಿರಿಯ ಉಪದೇಶಿಯೊಬ್ಬರನ್ನು ಅಂದು ಸನ್ಮಾನಿಸಿದೆವು. ಅವರು ಉತ್ತರವಾಗಿ ನಾಲ್ಕು ಮಾತನಾಡಲು ಎದ್ದು ನಿಂತರು. ಮೆಲುದನಿಯ ಮನುಷ್ಯ. ದನಿ ಕೇಳಲೆಂದು ಮೈಕಿನವನು ಏರಿಸಿದೊಡನೆ ಶಿಳ್ಳೆ. ಶಿಳ್ಳೆ ನಿಲ್ಲಿಸಲೆಂದು ಇಳಿಸಿದೊಡನೆ ಮೌನ. ಅವರು ಹತ್ತು ನಿಮಿಷ ಮಾತನಾಡಿದರು. ಮೂರನೆಯ ಸಾಲಿನಿಂದಾಚೆಗೆ ಒಂದಕ್ಷರವೂ ಮುಟ್ಟಲಿಲ್ಲ. ಜನರು ಗೌರವದಿಂದ ಚಪ್ಪಾಳೆ ತಟ್ಟಿದರು. ಮರುವರ್ಷದ ಹಬ್ಬಕ್ಕೆ ಮುಂಚೆ ಅವರು ದೇವರ ಪಾದ ಸೇರಿದರು.

ಆ ಚಿತ್ರ ಬಹಳ ಸೊಗಸಾಗಿ ಬಂದಿದೆ. ಮೈಕು ಫಳಫಳನೆ ಹೊಳೆಯುತ್ತಿದೆ. ಅದರ ಹಿಂದೆ ಹಿರಿಯರ ಬಾಯಿ ತೆರೆದಿದೆ. ಅವರು ಏನು ಹೇಳುತ್ತಿದ್ದರೆಂಬುದು ನಮ್ಮಲ್ಲಿ ಯಾರಿಗೂ ತಿಳಿಯದು. ತಪ್ಪು ಮೈಕಿನದಲ್ಲ, ಮೈಕಿನವನದೂ ಅಲ್ಲ. ಕೇಳುವ ವಸ್ತುವನ್ನು ನೋಡುವ ವಸ್ತುವನ್ನಾಗಿ ಮಾಡಿದ ನನ್ನದು.

ಕೊನೆಯ ಸಾಲಿನ ಕಿವಿ

ಆದುದರಿಂದ ಅವನಿಗೆ ನಾನು ಹೇಳಿದ್ದು ಇಷ್ಟೇ: ಕಣ್ಣಿನಿಂದ ಕೊಳ್ಳಬೇಡ, ಕೊನೆಯ ಸಾಲಿನಲ್ಲಿ ಕುಳಿತವರ ಕಿವಿಯಿಂದ ಕೊಳ್ಳು. ಆ ಬಳಿಕ ನಾನೂ ಅವನೂ, ಮೈಕ್‌ಸೆಟ್ಟಿನ ಅನುಭವಸ್ಥರೊಬ್ಬರೂ ಕೂಡಿ ಕಲಿತದ್ದನ್ನು ನಿಮಗೂ ತಿಳಿಸುತ್ತೇನೆ. ನಿಮ್ಮ ಮನೆಯಲ್ಲಿಯೂ ಹಾಡುವ ಮಕ್ಕಳಿರಬಹುದು.

ಮೊದಲನೆಯದಾಗಿ, ಮುಖ ಒಂದೇ ಆದರೂ ಹೃದಯ ಒಂದೇ ಅಲ್ಲ. ಹಿಂದೆ ಹೆಸರಿಸಿದ ಎರಡು ಮೈಕುಗಳಲ್ಲಿ 55 ಎಸ್‌ಎಚ್ ಕಾರ್ಡಿಯಾಯ್ಡ್ ಬಗೆಯದು; ನೇರ ಹಿಂದಿನ ಸದ್ದನ್ನು ಅದು ಅತ್ಯಂತ ಕಡಿಮೆ ಕೇಳುತ್ತದೆ. ಆದುದರಿಂದ ಗಾಯಕನಿಗೆ ಅವನ ದನಿ ಕೇಳಿಸಲೆಂದು ಇಡುವ ಮಾನಿಟರ್ ಸ್ಪೀಕರನ್ನು ಮೈಕಿನ ಬೆನ್ನಿಗೆ ನೇರವಾಗಿ ಇಡಬಹುದು. ಸೂಪರ್ 55 ಸೂಪರ್‌ಕಾರ್ಡಿಯಾಯ್ಡ್. ಮುಂದಿನ ದನಿಯನ್ನು ಇನ್ನೂ ಕಿರಿದಾದ ಕೋನದಲ್ಲಿ ಹಿಡಿಯುತ್ತದೆ, ಆದರೆ ನೇರ ಬೆನ್ನಿನಿಂದ ತುಸು ಕೇಳುತ್ತದೆ. ಅದರ ಕಿವುಡು ಇರುವುದು ಹಿಂದಿನ ಎರಡು ಓರೆಗಳಲ್ಲಿ, ಮುಂಭಾಗದಿಂದ ಸುಮಾರು 125 ಡಿಗ್ರಿ ತಿರುಗಿದಲ್ಲಿ. ಅಲ್ಲಿಗೆ ಸ್ಪೀಕರನ್ನು ಸರಿಸದಿದ್ದರೆ ಶಿಳ್ಳೆ ಖಂಡಿತ. ನೋಟಕ್ಕೆ ಅಣ್ಣತಮ್ಮಂದಿರಂತಿರುವ ಇವೆರಡನ್ನು ಒಂದೇ ರೀತಿ ನಡೆಸಿಕೊಂಡರೆ ಕೆಲಸ ಕೆಡುತ್ತದೆ. ನನ್ನ ಮಹೋತ್ಸವದ ದಿನ ಸ್ಪೀಕರುಗಳನ್ನು ಎಲ್ಲಿಡಬೇಕೆಂಬ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ.

ಎರಡನೆಯದಾಗಿ, ದೂರ. ಬಾಯಿಯು ಈ ಬಗೆಯ ಮೈಕಿಗೆ ತೀರಾ ಹತ್ತಿರವಾದಂತೆ ತಗ್ಗು ಸ್ವರಗಳು ಉಬ್ಬುತ್ತವೆ. ದನಿ ಗಂಭೀರವಾಯಿತೆಂದು ಗಾಯಕ ಹಿಗ್ಗುತ್ತಾನೆ. ಮಾತುಗಳು ಮಾತ್ರ ಕಲಸಿಹೋಗುತ್ತವೆ. ತೀರಾ ದೂರವಾದರೆ ದನಿ ಬಡವಾಗುತ್ತದೆ. ತೆರೆದ ಬಯಲಿನ ಲೆಕ್ಕದಲ್ಲಿ ದೂರ ಇಮ್ಮಡಿಯಾದಾಗ ದನಿಯ ಮಟ್ಟ 6 ಡೆಸಿಬೆಲ್ ಕುಸಿಯುತ್ತದೆ. ಇದರೊಂದಿಗೆ ನಮ್ಮ ಭಾಷೆಯದೇ ಒಂದು ಕಷ್ಟವಿದೆ. ಪ, ಬ ಎಂಬ ತುಟಿಯ ಅಕ್ಷರಗಳು, ಅದಕ್ಕೂ ಮಿಗಿಲಾಗಿ ಫ, ಭ ಎಂಬ ಮಹಾಪ್ರಾಣಗಳು ಉಸಿರಿನ ಗುದ್ದನ್ನು ಹೊತ್ತು ಬಂದು ಪೊರೆಗೆ 'ಢಬ್' ಎಂದು ಬಡಿಯುತ್ತವೆ. ಸಾದಾ ಮೈಕಿನ ಗುಂಡಿನೊಳಗಿನ ಸ್ಪಂಜು ಆ ಗುದ್ದನ್ನು ಬಹಳಷ್ಟು ತಡೆಯುತ್ತದೆ. ಪಟ್ಟಿಯ ಮೈಕಿನ ಎದುರು ಗಾಯಕನೇ ಎಚ್ಚರ ವಹಿಸಿ, ತುಸು ಹಿಂದೆ ಸರಿದು, ಉಸಿರು ನೇರವಾಗಿ ತಗಲದಂತೆ ಕೊಂಚ ಓರೆಯಾಗಿ ಹಾಡುವುದು ಒಳ್ಳೆಯದು.

ಮೂರನೆಯದು ನನಗೆ ಎಲ್ಲಕ್ಕಿಂತ ಅರ್ಥಪೂರ್ಣವಾಗಿ ಕಂಡಿತು. ಎಸ್‌ಎಂ 58ರ ತೂಕ ಸುಮಾರು 300 ಗ್ರಾಂ. 55 ಎಸ್‌ಎಚ್ ಅರ್ಧ ಕಿಲೋವನ್ನು ಮೀರುತ್ತದೆ, ಹಿಡಿಯಲು ಹಿಡಿಯೂ ಇಲ್ಲ. ಅದು ಸ್ಟ್ಯಾಂಡಿನ ಮೇಲೆ ನಿಲ್ಲಲೆಂದೇ ಹುಟ್ಟಿದ್ದು. ಅಂದರೆ ಅದರ ಮುಂದೆ ಹಾಡುವವನು ವೇದಿಕೆಯ ತುಂಬ ಓಡಾಡುವಂತಿಲ್ಲ, ಪ್ರೇಕ್ಷಕರ ನಡುವೆ ಇಳಿಯುವಂತಿಲ್ಲ. ಒಂದೆಡೆ ನಿಲ್ಲಬೇಕು. ಹಳೆಯ ಚಿತ್ರಗಳಲ್ಲಿ ಗಾಯಕರು ನಿಂತಿರುವ ಆ ನಿಲುವು ಬರೀ ಅಂದಿನ ಶೈಲಿಯಾಗಿರಲಿಲ್ಲ. ಮೈಕು ಅವರಿಗೆ ಕಲಿಸಿದ ಶಿಸ್ತಾಗಿತ್ತು. ಹಳೆಯ ರೂಪವನ್ನು ಬಯಸುವವನು ಆ ರೂಪದ ನಿಯಮಕ್ಕೂ ಒಳಗಾಗಬೇಕು. ನಿಯಮವನ್ನು ತೊರೆದು ಹೊಳಪನ್ನಷ್ಟೇ ಆರಿಸಿಕೊಂಡರೆ ಅವನ ಗೆಳೆಯರು ಹೇಳಿದ ಮಾತೇ ನಿಜ: ಅದು ಶೋಕಿ.

ಒಂದು ಮಧ್ಯಾಹ್ನದ ಪರೀಕ್ಷೆ

ಕೊಳ್ಳುವ ಮುಂಚೆ ಅವನು ಆ ಮೈಕನ್ನು ಒಂದು ದಿನದ ಬಾಡಿಗೆಗೆ ತಂದ. ಖಾಲಿ ಸಭಾಭವನದಲ್ಲಿ ತಾಯಿಯನ್ನು ಕೊನೆಯ ಸಾಲಿನಲ್ಲಿ ಕುಳ್ಳಿರಿಸಿ, ಕಣ್ಣು ಮುಚ್ಚಿಕೊಳ್ಳುವಂತೆ ಹೇಳಿದೆವು. ಒಂದೇ ಹಾಡನ್ನು ಮೊದಲು ತನ್ನ ಎಂದಿನ ಸಾದಾ ಮೈಕಿನಲ್ಲಿಯೂ ಅನಂತರ ಪಟ್ಟಿಯ ಮೈಕಿನಲ್ಲಿಯೂ ಹಾಡಿದ. ಪಟ್ಟಿಯ ಮೈಕಿನಲ್ಲಿ ಮೊದಲ ಸಲ ಚೆನ್ನಾಗಿ ಬರಲಿಲ್ಲ. ತುಟಿ ತಗಲುವಷ್ಟು ಹತ್ತಿರ ನಿಂತಿದ್ದರಿಂದ ದನಿ ಗವಿಯಿಂದ ಬಂದಂತಿತ್ತು. ಇಷ್ಟು ಸಾಲದೆಂಬಂತೆ ತಂದೆಯ ರಾಗವನ್ನೂ ಅವರ ಕಂಪನವನ್ನೂ ಅನುಕರಿಸಲು ಹೊರಟಿದ್ದ. ಮೈಕ್‌ಸೆಟ್ಟಿನವರು ಅವನನ್ನು ಅರ್ಧ ಗೇಣು ಹಿಂದಕ್ಕೆ ಸರಿಸಿದರು. ನಾನೂ ಒಂದು ಮಾತು ಹೇಳಿದೆ: "ಮೈಕು ಅಪ್ಪನ ಕಾಲದ ಹಾಗಿರಲಿ. ದನಿ ಮಾತ್ರ ನಿನ್ನದೇ ಇರಲಿ, ಅಪ್ಪಾ."

ಅವನು ಮತ್ತೆ ಹಾಡಿದ. ಮುಗಿದ ಮೇಲೆ ಆ ತಾಯಿ ಕಣ್ಣು ತೆರೆದು ಸುಮ್ಮನೆ ಕುಳಿತಿದ್ದರು. ಏನನಿಸಿತೆಂದು ಕೇಳಿದೆ.

"ಮೊದಲನೇದ್ರಲ್ಲಿ ಇವನು ಓಡಾಡ್ತಿದ್ದ, ಫಾದರ್. ದನಿ ಹತ್ರ ಬಂದು ದೂರ ಹೋಗ್ತಿತ್ತು. ಕೊನೇದ್ರಲ್ಲಿ ಒಂದೇ ಕಡೆ ನಿಂತಿದ್ದ. ಮಾತೆಲ್ಲ ಕೇಳಿಸ್ತು" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಇವರಪ್ಪ ಹೀಗೆ ಹಾಡ್ತಿರಲಿಲ್ಲ. ಇದು ಇವನದೇ" ಎಂದರು. ಅದು ದೂರಾಗಿರಲಿಲ್ಲ.

ಅವನು ಆ ಮೈಕನ್ನು ಕೊಂಡುಕೊಂಡ. ಸಾದಾ ಮೈಕಿನಲ್ಲಿಯೇ ಮಾತು ಹೆಚ್ಚು ಸ್ಪಷ್ಟವಾಗಿ ಕೇಳಿಸಿದ್ದರೆ ಸಾದಾ ಮೈಕನ್ನೇ ಹಿಡಿಯುತ್ತೇನೆಂದು ಅವನು ಮುಂಚೆಯೇ ನನಗೆ ಮಾತು ಕೊಟ್ಟಿದ್ದ. ಆ ಮಾತಿಗೆ ಅವನು ನಿಜವಾಗಿಯೂ ಸಿದ್ಧನಿದ್ದನೆಂಬುದೇ ನನಗೆ ಸಮಾಧಾನ ತಂದ ಸಂಗತಿ. ಯಾವುದನ್ನು ಬಿಟ್ಟುಕೊಡಲು ನಾವು ಸಿದ್ಧರಿರುತ್ತೇವೆಯೋ ಅದನ್ನು ಇಟ್ಟುಕೊಂಡರೂ ಅದು ನಮ್ಮನ್ನು ಕೆಡಿಸುವುದಿಲ್ಲ.

ಸ್ಮರಣೆಯ ಸಂಜೆ ನಿರೂಪಕನು ಬೇರೆಯೇ ಮಾತನ್ನು ಹೇಳಿದ: "ಇವರ ತಂದೆಯವರು ಇಂಥದೊಂದು ಮೈಕಿನ ಮುಂದೆ ನಿಂತು ಹಾಡುತ್ತಿದ್ದರು. ಇದು ಅದಲ್ಲ. ಅವರ ನೆನಪಿಗಾಗಿ ಮಗ ಹೊಸದಾಗಿ ತಂದದ್ದು." ಯಾರೂ ಕಣ್ಣೀರಿಡಲಿಲ್ಲ. ಹಿಂದಿನ ಸಾಲಿನಲ್ಲಿ ಕೆಲವರು ಆ ಹೊಳೆಯುವ ಮೈಕನ್ನು ನೋಡಿ ಮುಗುಳ್ನಕ್ಕರು. ಮೂರನೆಯ ಹಾಡಿನ ಹೊತ್ತಿಗೆ ಮೈಕನ್ನು ಯಾರೂ ನೋಡುತ್ತಿರಲಿಲ್ಲ, ಹಾಡನ್ನು ಕೇಳುತ್ತಿದ್ದರು.

ಪ್ರಿಯ ಓದುಗರೇ, ನಮ್ಮೆಲ್ಲರ ಬಳಿಯೂ ಹಿರಿಯರಿಂದ ಬಂದ ರೂಪಗಳಿವೆ: ಮದುವೆಯ ಪದ್ಧತಿ, ಮನೆಯ ಹೆಸರು, ಸಭೆಯಲ್ಲಿ ಮಾತನಾಡುವ ರೀತಿ. ಅವುಗಳನ್ನು ಹೊಸ ಕಾಲದಲ್ಲಿ ತೊಡುವುದು ತಪ್ಪಲ್ಲ. ಆದರೆ ಮೂರು ಪ್ರಶ್ನೆಗಳನ್ನು ನಮಗೆ ನಾವೇ ಕೇಳಿಕೊಳ್ಳೋಣ. ಈ ರೂಪದ ಬಗ್ಗೆ ನಾನು ಆಡುವ ಮಾತು ನಿಜವೇ? ಇದರ ಹೊಳಪಿನೊಂದಿಗೆ ಇದರ ಶಿಸ್ತನ್ನೂ ಒಪ್ಪಿದ್ದೇನೆಯೇ? ಕೊನೆಯ ಸಾಲಿನಲ್ಲಿ ಕುಳಿತವರಿಗೆ ನನ್ನ ದನಿ ಕೇಳಿಸುತ್ತಿದೆಯೇ?

ಆ ಹಿರಿಯ ಉಪದೇಶಿಯ ಚಿತ್ರದ ಒಂದು ಪ್ರತಿಯನ್ನು ನನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ. ಯಾವುದೇ ಸಮಾರಂಭಕ್ಕೆ ಮುಂಚೆ ಅದನ್ನು ಒಮ್ಮೆ ನೋಡಿ, ಬಳಿಕ ಹೋಗಿ ಸಭಾಭವನದ ಕೊನೆಯ ಕುರ್ಚಿಯಲ್ಲಿ ಕುಳಿತು ಮೈಕನ್ನು ಪರೀಕ್ಷಿಸುತ್ತೇನೆ.